ಮೊದಲನೇ ರೋಲ್ ಕ್ಯಾಮೆರಾ: ಅಕ್ಕನ ಮಗಳಿಗೆ ನಾನು ಆರಿಸಿ ಕೊಡಿಸಿದ್ದು ಹೇಗೆ

ಮುಂಬೈ ಹತ್ರದ ಡೊಂಬಿವಿಲಿಯಲ್ಲಿರೋ ಅಕ್ಕನ ಮಗಳು ಹನ್ನೆರಡನೇ ಕ್ಲಾಸ್ ಪರೀಕ್ಷೆ ಮುಗಿದ ಮಾರನೇ ದಿನವೇ ಫೋನ್ ಮಾಡಿ "ಚಿಕ್ಕಮ್ಮ, ನಂಗೊಂದು ಫಿಲ್ಮ್ ರೋಲ್ ಕ್ಯಾಮೆರಾ ಕೊಡಿಸು, ಎಂಟು ಸಾವಿರ ಕೂಡಿಟ್ಟಿದ್ದೀನಿ" ಅಂದ್ಲು. ಯಾವ್ದು ನೋಡಿಟ್ಟಿದ್ದೀಯ ಅಂತ ಕೇಳಿದ್ರೆ ಕ್ಯಾನನ್ ಎಇ-1. ಒಳ್ಳೇ ಕ್ಯಾಮೆರಾನೇ, 1976ರಲ್ಲಿ ಬಂದದ್ದು, ಅದರ ಬಗ್ಗೆ ನಂಗೇನೂ ತಕರಾರಿಲ್ಲ, ಆದ್ರೆ ಎಂಟು ಸಾವಿರ ಪೂರ್ತಿ ಅದಕ್ಕೇ ಸುರಿದು ಮೇಲೆ ಅವಳಪ್ಪನ ಹತ್ರ ಇನ್ನಷ್ಟು ಕೇಳ್ಬೇಕಿತ್ತು, ಕ್ಯಾಮೆರಾ ಕೈಗೆ ಬಂದ ಮೇಲೆ ರೋಲ್ ಹಾಕೋಕೆ ಏನು ಮಾಡ್ತೀಯ ಅಂದ್ರೆ ಅವಳ ಹತ್ರ ಉತ್ತರ ಇರ್ಲಿಲ್ಲ.

ನಾನು ಅವತ್ತೇ ಅವಳಿಗೆ ಲೆಕ್ಕ ಹೇಳ್ದೆ. ಕೊಡಕ್ ಗೋಲ್ಡ್ 200, 36 ಫೋಟೋ ಬರೋ ರೋಲು, ನಾನು ಕೊನೇ ಸಲ ತಗೊಂಡಾಗ 1,100 ರೂಪಾಯಿ ಕೊಟ್ಟಿದ್ದೆ. ರೋಲ್ ತೊಳೆಸಿ (ಡೆವಲಪ್ ಮಾಡಿಸಿ) ಸ್ಕ್ಯಾನ್ ಮಾಡಿಸೋಕೆ ನಾನು ಹೋಗೋ ಲ್ಯಾಬ್‌ನಲ್ಲಿ 450. ಅಂದ್ರೆ ಒಂದ್ಸಲ ಬಟನ್ ಒತ್ತಿದ್ರೆ ಸುಮಾರು 43 ರೂಪಾಯಿ ಹೋಯ್ತು. ಹೊಸಬರಿಗೆ ಮೊದಲ ಮೂರ್ನಾಲ್ಕು ರೋಲಲ್ಲಿ ಅರ್ಧಕ್ಕರ್ಧ ಫೋಟೋ ಹಾಳಾಗೋದು ಸಹಜ, ಹಾಳಾದ್ರೇನೇ ಕೈ ಪಳಗೋದು. ಆದ್ರಿಂದ ಎಂಟು ಸಾವಿರ ಇದ್ರೆ ಕ್ಯಾಮೆರಾಕ್ಕೆ ನಾಲ್ಕು ಸಾವಿರ, ಬಾಕಿ ನಾಲ್ಕು ಸಾವಿರ ರೋಲಿಗೆ, ಇದು ನನ್ನ ಲೆಕ್ಕ. ಅವಳಿಗೆ ಮೊದ್ಲು ಬೇಜಾರಾಯ್ತು, ಆಮೇಲೆ ಒಪ್ಪಿದ್ಲು.

ಈ ಲೆಕ್ಕ ನಂಗೆ ಗೊತ್ತಾಗಿದ್ದು ಸುಮ್ನೆ ಅಲ್ಲ. ನಾನಿರೋದು ಮುಂಬೈಯ ಮಾಟುಂಗದಲ್ಲಿ, ಕೆಲ್ಸ ಫೋರ್ಟ್ ಕಡೆ, ಎಂಟು ವರ್ಷದ ಹಿಂದೆ ಮೊದಲ ಕ್ಯಾಮೆರಾ ಹುಡುಕ್ತಾ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಿದ್ದೆ. ಅಲ್ಲಿ ಒಂದು ಅಂಗಡೀಲಿ ಯಾಶಿಕಾ ಇಲೆಕ್ಟ್ರೋ 35, ಜಿಎಸ್ಎನ್ ಮಾಡೆಲ್ಲು, ನೋಡೋಕೆ ಎಷ್ಟು ಚೆಂದ ಅಂದ್ರೆ ಕಣ್ಣು ಕೀಳೋಕಾಗ್ಲಿಲ್ಲ. ಅಂಗಡಿಯವರು ಫಿಲ್ಮ್ ಮುಂದೆ ಸರಿಸೋ ಲಿವರ್ ಎಳೆದು ಟಕ್ ಅಂತ ಒತ್ತಿ "ಏಕ್‌ದಮ್ ಚಾಲೂ ಹೈ" ಅಂದ್ರು, ನಾನೂ ಶಬ್ದ ಕೇಳಿ ನಂಬಿ ದುಡ್ಡು ಕೊಟ್ಟು ತಂದೆ. ಆಮೇಲೆ ಗೊತ್ತಾಗಿದ್ದು ಏನಂದ್ರೆ ಆ ಕ್ಯಾಮೆರಾದ ಶಟರ್, ಅಂದ್ರೆ ಬೆಳಕು ಒಳಗೆ ಬಿಡೋ ಬಾಗಿಲು, ಇಲೆಕ್ಟ್ರಾನಿಕ್, ಬ್ಯಾಟರಿ ಇಲ್ದೇ ಇದ್ರೂ ಅದು ಟಕ್ ಅನ್ನುತ್ತೆ, ಆದ್ರೆ ಯಾವಾಗ್ಲೂ ಸೆಕೆಂಡಿನ 500ನೇ ಒಂದು ಭಾಗ ಮಾತ್ರ ತೆರೆಯುತ್ತೆ, ಬೆಳಕು ಅಳೆಯೋ ಕೆಲ್ಸವೇ ನಡೆಯಲ್ಲ. ಅದಕ್ಕೆ ಬೇಕಾಗಿದ್ದ 5.6 ವೋಲ್ಟಿನ ಮರ್ಕ್ಯುರಿ ಬ್ಯಾಟರಿ ಈಗ ತಯಾರಾಗಲ್ಲ. 6 ವೋಲ್ಟಿನ ಸಣ್ಣ ಬ್ಯಾಟರಿಗೆ ದಪ್ಪ ಕಾಗದ ಸುತ್ತಿ, ಹಿಂದೆ ಸ್ಪ್ರಿಂಗ್ ಇಟ್ಟು ಹಾಕಿದೆ, ಆದ್ರೂ ಕ್ಯಾಮೆರಾದ ಬ್ಯಾಟರಿ ದೀಪ ಹತ್ತಲಿಲ್ಲ, ಒಳಗಿನ ತಂತಿಯೆಲ್ಲ ಹಸಿರು ಕಿಲುಬು ಹಿಡಿದಿತ್ತು. ಇನ್ನೊಂದು ವಿಷ್ಯ, ಆ ಮಾಡೆಲ್ಲಲ್ಲಿ ಲಿವರ್ ಎಳೆಯೋವಾಗ ಒಳಗಿಂದ ಕ್ಲಂಕ್ ಅಂತ ಒಂದು ಭಾರದ ಶಬ್ದ ಬರ್ಬೇಕು, ಬರ್ದಿದ್ರೆ ಒಳಗಿರೋ ಒಂದು ಸಣ್ಣ ರಬ್ಬರ್ ತುಂಡು ಸವೆದು ಪುಡಿಯಾಗಿದೆ ಅಂತ ಅರ್ಥ, ಅದನ್ನ ಬದಲಾಯಿಸೋಕೆ ಮೇಲಿನ ಪೂರ್ತಿ ಭಾಗ ಬಿಚ್ಚಬೇಕು. ನನ್ನದರಲ್ಲಿ ಅದೂ ಹೋಗಿತ್ತು. ಆ ಕ್ಯಾಮೆರಾದ ಲೆನ್ಸ್ 45 ಎಂಎಂ, ಎಫ್ 1.7 (ಎಫ್ ಸಂಖ್ಯೆ ಸಣ್ಣದಾದಷ್ಟೂ ಜಾಸ್ತಿ ಬೆಳಕು ಒಳಗೆ ಬರುತ್ತೆ), ಸರಿ ಇರೋದು ಸಿಕ್ಕಿದ್ರೆ ಅಷ್ಟು ದುಡ್ಡಿಗೆ ಅಂಥಾ ಲೆನ್ಸ್ ಇನ್ನೊಂದಿಲ್ಲ ಅಂತ ಈಗ್ಲೂ ಹೇಳ್ತೀನಿ, ಆದ್ರೆ ಮೊದಲ ಕ್ಯಾಮೆರಾ ತಗೊಳ್ಳೋರಿಗೆ ನಾನು ಹೇಳಲ್ಲ.

ಹಾಗಾಗಿ ಈ ಸಲ ನಾನು ಹಾಕ್ಕೊಂಡ ಷರತ್ತು ಮೂರು. ಬ್ಯಾಟರಿ ಇಲ್ದೇ ನಡೀಬೇಕು, ಇಲ್ಲಾ ಅಂದ್ರೆ ಪಕ್ಕದ ಕಿರಾಣಿ ಅಂಗಡೀಲಿ ಸಿಗೋ ಬ್ಯಾಟರಿ ಆಗ್ಬೇಕು. 35 ಎಂಎಂ ರೋಲೇ ಆಗ್ಬೇಕು. ಮತ್ತೆ ಹುಡುಗಿ ಕಾಲೇಜ್ ಬ್ಯಾಗಲ್ಲಿ ಹಾಕ್ಕೊಂಡು ಲೋಕಲ್ ಟ್ರೇನಲ್ಲಿ ನಿಂತ್ಕೊಂಡು ಹೋಗೋ ಹಾಗಿರ್ಬೇಕು.

35 ಎಂಎಂ ಯಾಕಂದ್ರೆ, ಅಮ್ಮನ ಮನೆಯ ಕಪಾಟಲ್ಲಿ ಅಪ್ಪನ ಆಗ್ಫಾ ಕ್ಲಿಕ್-III ಇದೆ, ಇವ್ಳು ಅದನ್ನೇ ಉಪಯೋಗಿಸ್ಬಹುದಲ್ಲಾ ಅಂತ ಅಕ್ಕನೇ ಕೇಳಿದ್ಲು, ದುಡ್ಡೇ ಉಳೀತು ಅಂತ. ಅಪ್ಪ ಅದರಲ್ಲಿ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ಫಿಲ್ಮ್ ಹಾಕಿ ಉಡುಪಿಯ ರಥಬೀದೀಲಿ ತೆಗ್ದಿರೋ ಕಪ್ಪು ಬಿಳುಪು ಫೋಟೋಗಳು ಇವತ್ತಿಗೂ ಹಾಗೇ ಇವೆ, ನಂಗೆ ಫೋಟೋ ಹುಚ್ಚು ಹಿಡಿದಿದ್ದೇ ಅವನ್ನ ನೋಡಿ. ಆದ್ರೆ ಅದಕ್ಕೆ 35 ಎಂಎಂಗಿಂತ ಅಗಲದ 120 ರೋಲು ಬೇಕು, ಒಂದು ರೋಲಿಗೆ ಬರೀ 12 ಫೋಟೋ, ಕಲಿಯೋ ಹುಡುಗಿಗೆ ಹನ್ನೆರಡೇ ಹನ್ನೆರಡು ಸಾಕಾಗಲ್ಲ. ಅದು ಕಪಾಟಲ್ಲೇ ಇರ್ಲಿ ಅಂದೆ.

ಆಮೇಲೆ ಒಂದು ಶನಿವಾರ ಇಬ್ರೂ ಸಿಎಸ್ಎಂಟಿ ಸ್ಟೇಷನ್ನಲ್ಲಿ ಇಳಿದು ಬೋರಾ ಬಜಾರಿಗೆ ಹೋದ್ವಿ. ಸ್ಟೇಷನ್ನಿಂದ ನಡ್ಕೊಂಡೇ ಹೋಗ್ಬಹುದು, ಹಳೇ ಕ್ಯಾಮೆರಾ ಮಾರೋರು, ರಿಪೇರಿ ಮಾಡೋರು ಆಸುಪಾಸಲ್ಲೇ ಸಿಗ್ತಾರೆ, ರಿಪೇರಿಯವರು ಹತ್ರ ಇರೋದು ನಂಗೆ ದೊಡ್ಡ ಧೈರ್ಯ. ಅವತ್ತು ನಾವು ಕೈಯಲ್ಲಿ ಹಿಡಿದು ನೋಡಿದ್ದು ನಾಲ್ಕು ಥರದ ಕ್ಯಾಮೆರಾ.

ಒಂದು ಯಾಶಿಕಾ ಎಂಎಫ್-2. ನಮ್ಮ ಕಾಲದ ಎಷ್ಟೋ ಮನೆಗಳ ನಾಮಕರಣ, ಮದುವೆ ಫೋಟೋ ಎಲ್ಲಾ ಇದ್ರಲ್ಲೇ ತೆಗ್ದಿದ್ದು. 38 ಎಂಎಂ ಲೆನ್ಸ್, ಫೋಕಸ್ ಮಾಡೋ ಗೋಜೇ ಇಲ್ಲ, ಫ್ಲಾಶ್ ಇದೆ, ಪೆನ್ಸಿಲ್ ಸೆಲ್ ಸಾಕು. 1,800 ಹೇಳಿದ್ರು. ಬರೀ ಬಿಸಿಲಲ್ಲಿ, ಮನೆಮಂದಿ ಜೊತೆ, ಪ್ರವಾಸದಲ್ಲಿ ಫೋಟೋ ತೆಗ್ಯೋರಿಗೆ ನಾನು ಕಣ್ಮುಚ್ಚಿ ಇದನ್ನೇ ಹೇಳ್ತೀನಿ, ಉಳಿದ ದುಡ್ಡಲ್ಲಿ ನಾಲ್ಕು ರೋಲು ಮುಗಿಸ್ಬಹುದು. ಆದ್ರೆ ಇವ್ಳಿಗೆ ಕಲೀಬೇಕು, ದೂರ ಎಷ್ಟು, ಬೆಳಕು ಎಷ್ಟು ಅಂತ ತಾನೇ ಯೋಚ್ನೆ ಮಾಡ್ಬೇಕು ಅನ್ನೋ ಆಸೆ, ಇದು ಆ ಅವಕಾಶ ಕೊಡಲ್ಲ.

ಇನ್ನೊಂದು ಹೊಸದು, ಕೊಡಕ್ ಎಕ್ಟಾರ್ ಎಚ್35, ಹಾಫ್ ಫ್ರೇಮ್, ಅಂದ್ರೆ ಒಂದು ಫೋಟೋ ಜಾಗದಲ್ಲಿ ಎರಡು, 36ರ ರೋಲಲ್ಲಿ 72 ಫೋಟೋ. ದುಡ್ಡಿನ ಲೆಕ್ಕದಲ್ಲಿ ಇದು ಬಹಳ ಆಕರ್ಷಕ, ಒಂದು ಫೋಟೋ ಖರ್ಚು ಅರ್ಧಕ್ಕೆ ಇಳಿಯುತ್ತೆ, ಹೊಸದಾದ್ರಿಂದ ಬೂಷ್ಟಿನ ಭಯ ಇಲ್ಲ. ಆದ್ರೆ ಲೆನ್ಸ್ ಎಫ್ 9.5, ಶಟರ್ ಸೆಕೆಂಡಿನ 100ನೇ ಒಂದು ಭಾಗ, ಎರಡೂ ಬದಲಾಗಲ್ಲ. ಬಿಸಿಲಲ್ಲಿ 200ರ ರೋಲ್ ಹಾಕಿದ್ರೆ ಬೇಕಾದ್ದಕ್ಕಿಂತ ಜಾಸ್ತಿ ಬೆಳಕು ಬೀಳುತ್ತೆ, ಅದನ್ನ ಕಲರ್ ನೆಗೆಟಿವ್ ಆರಾಮಾಗಿ ತಡ್ಕೊಳ್ಳುತ್ತೆ, ಮಳೆ ಮೋಡ ಇದ್ರೆ 400ರ ರೋಲ್ (ಸಂಖ್ಯೆ ಜಾಸ್ತಿಯಾದಷ್ಟೂ ಕಮ್ಮಿ ಬೆಳಕು ಸಾಕು) ಹಾಕಿದ್ರೆ ನಡೆಯುತ್ತೆ. ಲೋಕಲ್ ಟ್ರೇನ್ ಒಳಗೆ, ಸಂಜೆ ಪ್ಲಾಟ್‌ಫಾರಮ್ಮಲ್ಲಿ, ದೇವಸ್ಥಾನದೊಳಗೆ ಫ್ಲಾಶ್ ಇಲ್ದೇ ಏನೂ ಬರಲ್ಲ. ಬೆಳಕು ಜಾಸ್ತಿಯಾದ್ರೆ ನೆಗೆಟಿವ್ ಕ್ಷಮಿಸುತ್ತೆ, ಕಮ್ಮಿಯಾದ್ರೆ ಕ್ಷಮಿಸಲ್ಲ, ಇದನ್ನ ಅವಳಿಗೆ ಅಂಗಡಿ ಮುಂದೇನೇ ನಿಲ್ಸಿ ಹೇಳ್ದೆ.

ಮೂರನೇದು ಪೆಂಟಾಕ್ಸ್ ಕೆ1000. ನನ್ನ ಮನಸ್ಸು ಅದರ ಮೇಲೇ ಇತ್ತು ನಿಜ ಹೇಳ್ಬೇಕಂದ್ರೆ. 1976ರಿಂದ 1997ರ ತನಕ ತಯಾರಾಗ್ತಾನೇ ಇದ್ದ ಕ್ಯಾಮೆರಾ, ಪೂರ್ತಿ ಮೆಕಾನಿಕಲ್, ಬ್ಯಾಟರಿ ಬರೀ ಬೆಳಕು ಅಳೆಯೋ ಮೀಟರಿನ ಮುಳ್ಳಿಗೆ, ಸತ್ರೂ ಫೋಟೋ ತೆಗೀಬಹುದು. 12,000 ಹೇಳಿದ್ರು. ಅಲ್ಲಿಗೆ ಮುಗೀತು.

ನಾಲ್ಕನೇದು ಒಲಿಂಪಸ್ ಟ್ರಿಪ್ 35. ಇದಕ್ಕೆ ಬ್ಯಾಟರಿಯೇ ಬೇಡ, ಲೆನ್ಸ್ ಸುತ್ತ ಜೇನುಗೂಡಿನ ಹಾಗೆ ಕಾಣೋ ಗಾಜಿದೆಯಲ್ಲ, ಅದರ ಹಿಂದೆ ಸೆಲೆನಿಯಂ ಸೆಲ್ ಇದೆ, ಬೆಳಕು ಬಿದ್ರೆ ತಾನೇ ಕರೆಂಟ್ ಹುಟ್ಟಿಸಿ ಮೀಟರ್ ನಡೆಸುತ್ತೆ. 40 ಎಂಎಂ, ಎಫ್ 2.8 ಲೆನ್ಸು, ಗಾಜಿನದ್ದು, ಚೂಪಾಗಿ ಬರುತ್ತೆ. ಫೋಕಸಿಗೆ ನಾಲ್ಕು ಚಿತ್ರ: ಒಬ್ಬರ ತಲೆ ಅಂದ್ರೆ ಒಂದು ಮೀಟರ್, ಇಬ್ಬರು ಅಂದ್ರೆ ಒಂದೂವರೆ, ಗುಂಪು ಅಂದ್ರೆ ಮೂರು, ಬೆಟ್ಟ ಅಂದ್ರೆ ದೂರದ್ದೆಲ್ಲ. ಬೆಳಕು ತಾನೇ ನೋಡ್ಕೊಳ್ಳುತ್ತೆ, ದೂರ ಮಾತ್ರ ನೀನು ಅಂದಾಜು ಮಾಡು ಅನ್ನೋ ಕ್ಯಾಮೆರಾ. ಕಲಿಯೋಕೆ ಒಂದು ಸಲಕ್ಕೆ ಒಂದೇ ವಿಷ್ಯ, ಇದಕ್ಕಿಂತ ಒಳ್ಳೇ ಮೇಷ್ಟ್ರು ಬೇಕಾ!

ಆದ್ರೆ ಮೊದಲ ಸಲದ ಪೆಟ್ಟು ನೆನಪಿತ್ತಲ್ಲ, ಈ ಸಲ ಅಂಗಡೀಲಿ ಅರ್ಧ ಗಂಟೆ ನಿಂತು ನೋಡ್ದೆ. ಟ್ರಿಪ್ 35ಗೆ ಒಂದು ಸುಲಭದ ಪರೀಕ್ಷೆ ಇದೆ. ಲೆನ್ಸಿನ ರಿಂಗನ್ನ ಎ (ಆಟೋ) ಮೇಲಿಟ್ಟು ಲೆನ್ಸ್ ಸುತ್ತ ಅಂಗೈ ಪೂರ್ತಿ ಮುಚ್ಚಿ ಬಟನ್ ಒತ್ಬೇಕು, ಕಣ್ಣಿಟ್ಟು ನೋಡೋ ಕಿಂಡಿಯೊಳಗೆ ಕೆಂಪು ಬಾವುಟ ಏಳ್ಬೇಕು, ಶಟರ್ ಬೀಳ್ಬಾರ್ದು. ಆಮೇಲೆ ಕೈ ತೆಗ್ದು ರಸ್ತೆ ಕಡೆ ತಿರುಗಿಸಿ ಒತ್ತಿದ್ರೆ ಸಲೀಸಾಗಿ ಬೀಳ್ಬೇಕು. ಬಿಸಿಲಲ್ಲೂ ಬಾವುಟ ಎದ್ರೆ ಸೆಲ್ ಸತ್ತಿದೆ, ಎಷ್ಟು ಕಮ್ಮಿಗೆ ಕೊಟ್ರೂ ಬಿಟ್ಟು ಬರೋದು. ಅಲ್ಲಿದ್ದ ಎರಡು ಟ್ರಿಪ್‌ಗಳಲ್ಲಿ ಒಂದು ಹಾಗೇ ಇತ್ತು. ಇನ್ನೊಂದರ ಹಿಂದಿನ ಬಾಗಿಲು ತೆರೆದು ಮೊಬೈಲ್ ಟಾರ್ಚ್ ಬಿಟ್ಟು ಲೆನ್ಸ್ ನೋಡ್ದೆ, ಧೂಳು ನಾಲ್ಕು ಕಣ ಇದ್ರೆ ಪರ್ವಾಗಿಲ್ಲ, ಜೇಡರ ಬಲೆ ಥರ ಎಳೆ ಎಳೆ ಇದ್ರೆ ಅದು ಫಂಗಸ್, ಮುಂಬೈಯ ಮಳೆಗಾಲಕ್ಕೆ ಅದು ಇನ್ನೂ ಹರಡುತ್ತೆ. ಇದು ಸ್ವಚ್ಛ ಇತ್ತು. ಬಾಗಿಲಿನ ಅಂಚಲ್ಲಿರೋ ಕಪ್ಪು ಸ್ಪಾಂಜ್ ಮಾತ್ರ ಕರಗಿ ಅಂಟಂಟಾಗಿತ್ತು, ಹಳೇ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ, ಹಾಗೇ ಬಿಟ್ರೆ ಸಂದಿಯಿಂದ ಬೆಳಕು ನುಗ್ಗಿ ಫೋಟೋ ಮೇಲೆ ಕಿತ್ತಳೆ ಬಣ್ಣದ ಪಟ್ಟೆ ಬೀಳುತ್ತೆ. ಅದನ್ನ ತೋರಿಸಿಯೇ ಚೌಕಾಸಿ ಮಾಡಿದ್ದು, 5,500 ಹೇಳಿದ್ದು 4,200ಕ್ಕೆ ಇಳೀತು. ಒಂದು ಭಾನುವಾರ ಮನೇಲಿ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಬಟ್ಟೆ ಅದ್ದಿ ಹಳೇ ಅಂಟೆಲ್ಲ ಒರೆಸಿ, ಕಪ್ಪು ಮಕಮಲ್ ಬಟ್ಟೆಯ ಸಣ್ಣ ಪಟ್ಟಿ ಕತ್ತರಿಸಿ ಅಂಟಿಸಿದ್ವಿ, ಕೈಯೆಲ್ಲ ಕಪ್ಪು, ಆದ್ರೆ ಕೆಲ್ಸ ಗಟ್ಟಿಯಾಯ್ತು.

ಉಳಿದಿದ್ದು 3,800. ಎರಡು ರೋಲಿಗೆ 2,200, ತೊಳೆಸೋಕೆ 900, ಬಾಕಿ ಏಳುನೂರಲ್ಲಿ ಸ್ಟ್ರಾಪು, ಗಾಳಿ ಹೋಗದ ಡಬ್ಬಿ, ಸಿಲಿಕಾ ಜೆಲ್. ಡಬ್ಬಿ ವಿಷ್ಯ ಬಹಳ ಮುಖ್ಯ. ನನ್ನ ಹಳೇ ಲೆನ್ಸ್ ಒಂದನ್ನ ಅದರದ್ದೇ ಚರ್ಮದ ಕೇಸಲ್ಲಿ ಹಾಕಿ ಗೋದ್ರೇಜ್ ಕಪಾಟಲ್ಲಿಟ್ಟು ಊರಿಗೆ ಹೋಗಿದ್ದೆ, ಎರಡು ತಿಂಗಳು ಮಳೆ, ವಾಪಸ್ ಬಂದು ನೋಡಿದ್ರೆ ಚರ್ಮದ ಮೇಲೆ ಬಿಳೀ ಬೂಷ್ಟು, ಲೆನ್ಸ್ ಒಳಗೂ ಅದೇ. ಚರ್ಮ ಪಸೆ ಹಿಡಿದಿಟ್ಕೊಳ್ಳುತ್ತೆ. ನೀಲಿ ಸಿಲಿಕಾ ಜೆಲ್ ತಗೊಂಡ್ರೆ ಒದ್ದೆಯಾದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಬೇರೆ ಇಟ್ಟಿರೋ ಹಳೇ ಬಾಣಲೇಲಿ ಸಣ್ಣ ಉರೀಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ. ಅಡುಗೆ ಬಾಣಲೆ ಮುಟ್ಬೇಡಿ.

ರೋಲ್ ಹಾಕೋದು ಕಲಿಸೋವಾಗ ಒಂದೇ ಮಾತು ಹತ್ತು ಸಲ ಹೇಳ್ದೆ, ಎಡಗಡೆಯ ರಿವೈಂಡ್ ಗುಬುಟು ನೋಡು ಅಂತ. ಲಿವರ್ ಬದ್ಲು ಇದರಲ್ಲಿ ಹಿಂದೆ ಒಂದು ಚಕ್ರ ಇರುತ್ತೆ, ಅದನ್ನ ತಿರುಗಿಸಿದಾಗೆಲ್ಲ ಆ ಗುಬುಟೂ ತಿರುಗಬೇಕು, ತಿರುಗದಿದ್ರೆ ಫಿಲ್ಮ್ ಹಲ್ಲಿಗೆ ಸಿಕ್ಕಿಲ್ಲ. ನಾನು ಬಾಣಗಂಗೆ ಕೊಳದ ಹತ್ರ ಒಂದಿಡೀ ಬೆಳಗ್ಗೆ 36 ಫೋಟೋ ತೆಗ್ದು ಲ್ಯಾಬಿಗೆ ಕೊಟ್ಟಾಗ ಪೂರ್ತಿ ಖಾಲಿ ರೋಲು ವಾಪಸ್ ಬಂದಿತ್ತು, ಒಂದೇ ಒಂದು ಫ್ರೇಮ್ ಕೂಡ ಮುಂದೆ ಹೋಗಿರ್ಲಿಲ್ಲ. ಆ ನೋವು ಅವಳಿಗೆ ಬೇಡ ಅಂತ. ಮತ್ತೆ ಚೋರ್ ಬಜಾರಲ್ಲಿ ಅಗ್ಗಕ್ಕೆ ಸಿಗೋ ಡೇಟ್ ಮುಗಿದ ರೋಲು ಮೊದಲಿಗೆ ಹಾಕ್ಲೇಬೇಡ ಅಂದೆ, ಫೋಟೋ ಕೆಟ್ರೆ ತಪ್ಪು ಕ್ಯಾಮೆರಾದ್ದಾ ರೋಲಿನದ್ದಾ ತನ್ನದ್ದಾ ಅಂತ ಗೊತ್ತೇ ಆಗಲ್ಲ.

ಮೊದಲ ರೋಲು ಮೇ ತಿಂಗಳ ಬಿಸಿಲಲ್ಲಿ ಮುಗೀತು, 36ರ ರೋಲಲ್ಲಿ ಒಂದು ಜಾಸ್ತಿಯೇ, 37 ಫೋಟೋ ಬಂತು. ಮಾಟುಂಗ ಮಾರ್ಕೆಟ್ಟಿನ ಹೂವಿನವರು, ಬಾಳೆಲೆ ಕಟ್ಟುಗಳು, ನಮ್ಮಮ್ಮ ಟೆರೇಸಲ್ಲಿ ಹಪ್ಪಳ ಒಣಗಿಸ್ತಿರೋದು. ಬೆಳಕು ಎಲ್ಲೂ ತಪ್ಪಿಲ್ಲ. ಒಂಬತ್ತು ಫೋಟೋದಲ್ಲಿ ಮುಖ ಮಸುಕು, ಹಿಂದಿನ ಗೋಡೆ ಸ್ಪಷ್ಟ, ಬೆಟ್ಟದ ಗುರುತಲ್ಲೇ ಬಿಟ್ಟು ಹತ್ತಿರದ್ದು ತೆಗ್ದಿದ್ದಾಳೆ. ಈಗ ತನ್ನ ಒಂದು ದೊಡ್ಡ ಹೆಜ್ಜೆ ಎಷ್ಟು ಅಂತ ಟೇಪ್ ಹಿಡಿದು ಅಳೆದು ಇಟ್ಕೊಂಡಿದ್ದಾಳೆ, ಫೋಟೋ ತೆಗೆಯೋ ಮುಂಚೆ ಮನಸಲ್ಲೇ ಹೆಜ್ಜೆ ಎಣಿಸ್ತಾಳೆ. ಟ್ರಿಪ್‌ನಲ್ಲಿ 400ಕ್ಕಿಂತ ಮೇಲಿನ ರೋಲಿಗೆ ಸೆಟ್ಟಿಂಗ್ ಇಲ್ಲ, ಆದ್ರೆ ಮಳೆಗೆ 400 ಸಾಕು, ಸಂಜೆ ಪ್ಲಾಟ್‌ಫಾರಮ್ಮಲ್ಲಿ ಕೆಂಪು ಬಾವುಟ ಎದ್ರೆ ರಿಂಗನ್ನ ಎ ಇಂದ 2.8ಕ್ಕೆ ತಿರುಗಿಸು, ಆಗ ಶಟರ್ ಸೆಕೆಂಡಿನ 40ನೇ ಒಂದು ಭಾಗಕ್ಕೆ ನಿಲ್ಲುತ್ತೆ, ಕಂಬಕ್ಕೆ ಒರಗಿ ಉಸಿರು ಹಿಡಿದು ಒತ್ತು ಅಂತ ಹೇಳಿಕೊಟ್ಟಿದ್ದೀನಿ. ಜೂನ್ ಮಳೆ ಹಿಡ್ಕೊಂಡಿದೆ, ಎರಡನೇ ರೋಲಲ್ಲಿ ಹನ್ನೊಂದು ಫೋಟೋ ಆಗಿದೆ, ನಿನ್ನೆ ಠಾಣೆ ಸ್ಟೇಷನ್ನಿಂದ ಫೋನ್ ಮಾಡಿ "ಚಿಕ್ಕಮ್ಮ, ಬಾವುಟ ಎದ್ದಿದೆ, ಈಗ 2.8 ಅಲ್ವಾ?" ಅಂತ ಕೇಳಿದ್ಲು.