ಹಾಳು ಬಾವಿಗೆ ಏಣಿ ಇಳಿಸಿದ ಲೆಕ್ಕ

ಮಧುಗಿರಿ, ಕೊರಟಗೆರೆ ಕಡೆ ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಗಳನ್ನು ಕೇಳುವವರಿಲ್ಲ. ಲಂಟಾನ ಮುಚ್ಚಿದ ಬಾಯಿ ಊರವರಿಗೇ ಕಾಣದು. ರಾತ್ರಿ ನಾಯಿಯನ್ನು ಅಟ್ಟಿಸಿಕೊಂಡು ಬರುವ ಚಿರತೆಗೆ ಕಂಡೀತೇ? ಪಂಚಾಯಿತಿ ವ್ಯಾಪ್ತಿಯಲ್ಲಿ ಹದಿನಾಲ್ಕು ಬಾವಿ ಗುರುತಿಸಿ, ಪ್ರಾಣಿ ಬೀಳದಂತೆ ಬೇಲಿ, ಬಿದ್ದರೆ ಹತ್ತಿ ಬರಲು ಏಣಿ ಹಾಕುವ ಕೆಲಸವನ್ನು ಒಂಬತ್ತರಲ್ಲಿ ಮುಗಿಸಿದ್ದೇವೆ. ‘ಪ್ರಾಣಿಗೆ ಏಣಿಯಂತೆ!’ ಎಂದು ನಕ್ಕವರೇ ಈಗ ಉಳಿದ ಐದು ಯಾವಾಗ ಅಂತಾರೆ.

ಮೊದಲು ಬೇಲಿ. ಚೈನ್‌ಲಿಂಕ್ ಜಾಲರಿ ತಿಂಗಳೊಳಗೆ ಗುಜರಿ ಸೇರಿತು. ಎರಡಡಿ ಇಟ್ಟಿಗೆ ಕಟ್ಟೆ ಅದಕ್ಕಿಂತ ಕೆಟ್ಟದ್ದು: ಪ್ರಾಣಿ ಅದನ್ನು ನೆಗೆದು ದಾಟುತ್ತದೆ, ಆಚೆ ನೆಲವೇ ಇರುವುದಿಲ್ಲ. ಸೈಜುಗಲ್ಲಿನ ಗೋಡೆಗೆ ಎಂಜಿನಿಯರ್ ಎಂಬತ್ತು ಸಾವಿರದ ಅಂದಾಜು ಕೊಟ್ಟರು. ಕೊನೆಗೆ ನಿಂತದ್ದು ತೋಟದ ಬೇಲಿಗೆ ನೆಡುವ ಕಲ್ಲು ಚಪ್ಪಡಿಯೇ. ಆರಡಿ ಉದ್ದ, ಒಂದೂವರೆ ಅಡಿ ಅಗಲ; ಎರಡಡಿ ಮಣ್ಣಿನೊಳಗೆ, ನಾಲ್ಕಡಿ ಮೇಲೆ. ಬಾಯಿಯಿಂದ ನಾಲ್ಕಡಿ ಬಿಟ್ಟೇ ಗುಂಡಿ ತೋಡಬೇಕು, ಹತ್ತಿರ ತೋಡಿದರೆ ಬಾವಿಯ ಕಟ್ಟಡವೇ ಒಳಗೆ ಜಾರುತ್ತದೆ (ಒಂದು ಮೂಲೆ ಹಾಗೆಯೇ ಹೋಯಿತು). ಇಪ್ಪತ್ತಡಿ ಚೌಕದ ಬಾವಿಗೆ ಎಪ್ಪತ್ತೈದು ಚಪ್ಪಡಿ ಹಿಡಿಯುತ್ತವೆ. ಸಾಗಣೆ ಸೇರಿ ಒಂದಕ್ಕೆ ಮುನ್ನೂರರ ಆಸುಪಾಸು, ಕೂಲಿ ಆರೇಳು ಸಾವಿರ. ಬಾವಿಗೆ ಮೂವತ್ತು ಸಾವಿರದೊಳಗೆ ಮುಗಿಯಿತು. ಸುತ್ತ ಹತ್ತಡಿ ಲಂಟಾನ ಬೇರುಸಮೇತ ಕೀಳದಿದ್ದರೆ ಇದೆಲ್ಲ ದಂಡ.

ಬೇಲಿ ದಾಟಿಯೂ ಬಿದ್ದರೆ? ಅದಕ್ಕೇ ಏಣಿ. ಹಗ್ಗದ ಏಣಿ ತೂಗಾಡುತ್ತದೆ, ಪ್ರಾಣಿ ನಂಬಿ ಕಾಲಿಡುವುದಿಲ್ಲ. ನೀಲಗಿರಿ ಗಳದ್ದು ನೀರಿನ ಮಟ್ಟದಲ್ಲಿ ಕೊಳೆತು ಒಂದೂವರೆ ವರ್ಷಕ್ಕೆ ಮುರಿಯಿತು. ಬರೀ ಜಿಐ (ಕಬ್ಬಿಣದ) ಪೈಪಿನ ಮೇಲೆ ಉಗುರು ನಿಲ್ಲದು. ಈಗಿನದು ಎರಡರ ಬೆರಕೆ: ಕೆಳಗಿನ ಹತ್ತಡಿ ಹಳೇ ಜಿಐ ಪೈಪು, ಅದಕ್ಕೆ ಸೀಳಿದ ಟೈರು ಬಿಗಿದು, ಮೇಲೆಲ್ಲ ನೀಲಗಿರಿ ಗಳ, ಅದಕ್ಕೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ. ಮೆಟ್ಟಿಲು ಅಡಿಗೊಂದು. ಗೋಡೆಗೆ ನೆಟ್ಟಗೆ ಆನಿಸಬೇಡಿ, ಬುಡ ಆರೇಳು ಅಡಿ ಈಚೆಗಿರಲಿ. ಹೂಳಿನಲ್ಲಿ ಬುಡ ಕುಸಿಯುವುದರಿಂದ ಮೇ ತಿಂಗಳಲ್ಲಿ, ನೀರು ತಳ ಕಂಡಾಗ, ಕೆಳಗೊಂದು ಚಪ್ಪಡಿ ಹಾಸಿ ಅದರ ಮೇಲೆ ಕೂರಿಸಬೇಕು. ಮೇಲ್ತುದಿಯನ್ನು ಹೇಗೆ ಬಿಗಿದಿದ್ದೇವೆ ಎಂಬುದನ್ನು ಬರೆಯುವುದಿಲ್ಲ. ಗುಜರಿಯವರೂ ಓದುತ್ತಾರೆ!

ಚಿರತೆ, ಕರಡಿ, ಉಡ ಹತ್ತುತ್ತವೆ. ನರಿ, ಮೊಲ ಹತ್ತವು. ಅವಕ್ಕೆ ಏಣಿಯ ಬುಡದಲ್ಲಿ ತೇಲುವ ಅಟ್ಟ ಬೇಕು. ತೆಂಗಿನ ಬೊಡ್ಡೆ ಬಿಟ್ಟು ನೋಡಿದೆವು, ಎರಡು ತಿಂಗಳಲ್ಲಿ ನೀರು ಕುಡಿದು ಮುಳುಗಿತು. ಇಪ್ಪತ್ತು ಲೀಟರಿನ ಬಿಗಿ ಮುಚ್ಚಳದ ಖಾಲಿ ಕ್ಯಾನು ಎಂಟು, ಮೇಲೆ ಬಿದಿರಿನ ತಡಿಕೆ, ಅದು ತೇಲುತ್ತಿದೆ. ಬೆಳಗಿನವರೆಗೆ ಜೀವ ಉಳಿದರೆ 1926ಕ್ಕೆ ಕರೆ ಮಾಡಿದಾಗ ಅರಣ್ಯ ಇಲಾಖೆಯವರು ಬಂದು ಎತ್ತುತ್ತಾರೆ.

ಇನ್ನು ದುಡ್ಡು. ಮೊದಲ ಕ್ರಿಯಾ ಯೋಜನೆಯಲ್ಲಿ ‘ವನ್ಯಜೀವಿ ರಕ್ಷಣೆ’ ಎಂದು ಬರೆದದ್ದೇ ತಪ್ಪಾಯಿತು, ಮೊದಲ ಸಭೆಯಲ್ಲೇ ಕೈಬಿಟ್ಟರು. ಮರುವರ್ಷ ‘ಜನ, ಜಾನುವಾರು ಸುರಕ್ಷತೆ’ ಅಂದೆವು. ಹಾಳು ಕೊಳವೆಬಾವಿ ಮುಚ್ಚುವ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದನ್ನೂ ಅರ್ಜಿಯಲ್ಲಿ ಸೇರಿಸಿದೆವು, ಪಾಸಾಯಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲಿ ಅದು ಬೋರ್ಡಿನಲ್ಲಷ್ಟೇ ಇದ್ದರೆ ಎಬ್ಬಿಸಿ, ಬಾವಿಗಳ ಪಟ್ಟಿಯನ್ನು ಅದರ ದಾಖಲಾತಿಗೆ ಸೇರಿಸಿ. ಜಮೀನಿನ ಮಾಲೀಕರ ಒಪ್ಪಿಗೆ ಪತ್ರ ಕಡ್ಡಾಯ, ಇಲ್ಲವಾದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಬೇಸಿಗೆಯಲ್ಲಿ ನೀರಿನ ವಾಸನೆಗೆ ಪ್ರಾಣಿ ಬಾವಿಯ ಹತ್ತಿರ ಬರುತ್ತದೆಂದು ದೂರದಲ್ಲೊಂದು ತೊಟ್ಟಿಯನ್ನೂ ಕಟ್ಟಿದೆವು. ನೆಟ್ಟಗಿನ ಗೋಡೆಯ ತೊಟ್ಟಿಯಲ್ಲಿ ಅಳಿಲು ಸತ್ತವು. ಒಡೆದು ತಟ್ಟೆಯಾಕಾರ ಮಾಡಿದೆವು: ಆರಡಿ ಅಗಲ, ನಡುವೆ ಒಂದೂವರೆ ಅಡಿ ಆಳ, ಅಂಚು ಜಾರುಬದಿ, ಮೇಲೆ ಒರಟು ಗಾರೆ. ವಾರಕ್ಕೊಮ್ಮೆ ಪಾಚಿ ಉಜ್ಜುವುದೇ ದೊಡ್ಡ ಕೆಲಸ.

ಕಳೆದ ಮಳೆಗಾಲದಲ್ಲಿ ಒಂದು ಏಣಿಯ ನಾರು ಬುಡದಿಂದ ತುದಿವರೆಗೆ ಸೀಳಿತ್ತು, ಬೇಲಿಯ ಚಪ್ಪಡಿಯ ಮೇಲೆ ಚಿರತೆಯ ಕೆಸರು ಹೆಜ್ಜೆ. ಜನಜಂಗುಳಿ ಇಲ್ಲ, ಬಲೆ ಇಲ್ಲ, ಅರವಳಿಕೆಯೂ ಇಲ್ಲ. ಹೊಸ ನಾರಿಗೆ ಆರುನೂರು ರೂಪಾಯಿ ಆಯಿತು.