‘ಟೇಕ್ ಆನ್ ಮಿ’ ಹಾಡನ್ನು ಬಿಡಿಸಿ ಮತ್ತೆ ಕಟ್ಟಿದಾಗ

ನಾರ್ವೆಯ ಆ-ಹಾ ತಂಡದ ‘ಟೇಕ್ ಆನ್ ಮಿ’ ಹಾಡಿನ ಎರಡು ಧ್ವನಿಮುದ್ರಣಗಳಿವೆ. 1984ರದ್ದನ್ನು ಕೇಳಿದವರು ಕಡಿಮೆ. 1985ರದ್ದನ್ನು ಕೇಳದವರು ಕಡಿಮೆ. ಹಾಡು ಅದೇ, ಹಾಡಿದ ದನಿ ಅದೇ, ಪದೇ ಪದೇ ಮರಳಿ ಬರುವ ಕೀಬೋರ್ಡಿನ ಆ ಪ್ರಸಿದ್ಧ ಬಿಟ್ (ಪುಟ್ಟ ಸ್ವರಗುಚ್ಛ) ಕೂಡ ಬಹುಮಟ್ಟಿಗೆ ಅದೇ. ಹಾಗಿದ್ದರೆ ಒಂದು ಮುಳುಗಿ ಇನ್ನೊಂದು ತೇಲಿದ್ದು ಏಕೆ? ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತ ಬಂದ ನನಗೆ ಇದನ್ನು ಕೈಯಾರೆ ಮಾಡಿಯೇ ತಿಳಿಯಬೇಕೆನ್ನಿಸಿತು. ಮನೆಯ ಪುಟ್ಟ ಸ್ಟುಡಿಯೊದಲ್ಲಿ ಎರಡೂ ರೂಪಗಳನ್ನು ಒಂದೊಂದು ವಾದ್ಯವಾಗಿ ಬಿಡಿಸಿ ಮತ್ತೆ ಕಟ್ಟಿದೆ.

ಮೊದಲು ಬಿಟ್. ವೇಗ ನಿಮಿಷಕ್ಕೆ ಸುಮಾರು 169 ಬೀಟ್. ಅಷ್ಟು ಓಟದಲ್ಲಿ ಕಿವಿ ಮೋಸ ಹೋಗುತ್ತದೆ. ಆದ್ದರಿಂದ ಶ್ರುತಿ ಕೆಡದಂತೆ ವೇಗವನ್ನು ಅರ್ಧಕ್ಕೆ ಇಳಿಸಿ ಸ್ವರಗಳನ್ನು ಬರೆದುಕೊಂಡೆ. ಬಿಳಿ ಆರನ್ನು, ಅಂದರೆ ಪಾಶ್ಚಾತ್ಯರ ‘ಎ’ಯನ್ನು ಷಡ್ಜವಾಗಿಟ್ಟುಕೊಂಡರೆ ಅದು ಹೀಗೆ ಬರುತ್ತದೆ: ದ ದ ಮ ರಿ, ರಿ ಪ, ಪ ಪ ನಿ ನಿ ಸ ರಿ; ಸ ಸ ಸ ಪ, ಮ ದ, ದ ದ ಪ ಪ ದ ಪ. ಎಲ್ಲವೂ ಶಂಕರಾಭರಣದ ಸ್ವರಗಳು, ಗಾಂಧಾರವೊಂದನ್ನು ಬಿಟ್ಟು. ಷಡ್ಜ ಮೊದಲ ಬಾರಿ ಕೇಳುವುದು ಹನ್ನೊಂದನೆಯ ಸ್ವರವಾಗಿ. ಮನೆ ತಲುಪಿದೆವು ಎನ್ನುವಷ್ಟರಲ್ಲಿ ಬಿಟ್ ಮತ್ತೆ ಪಂಚಮಕ್ಕೆ ಜಾರಿ ನಿಲ್ಲುತ್ತದೆ. ಕೇಳುಗನನ್ನು ಮತ್ತೆ ಮತ್ತೆ ಎಳೆದು ತರುವುದು ಈ ತಡವೇ ಎಂದು ನಾನು ನಂಬುತ್ತೇನೆ. ಕೀಬೋರ್ಡ್ ವಾದಕ ಮಾಗ್ನೆ ಫುರುಹೋಲ್ಮೆನ್ ಈ ಬಿಟ್ಟನ್ನು ಹುಟ್ಟಿಸಿದ್ದು ಇನ್ನೂ ಹುಡುಗನಾಗಿದ್ದಾಗ. ಅವನೂ ಪೌಲ್ ವಾಕ್ಟಾರ್ ಕೂಡ ನಾರ್ವೆಯಲ್ಲಿ ಬ್ರಿಡ್ಜಸ್ ಎಂಬ ತಂಡ ಕಟ್ಟಿಕೊಂಡಿದ್ದ ಕಾಲವದು. ಗಾಯಕ ಮಾರ್ಟನ್ ಹಾರ್ಕೆಟ್ ಜೊತೆಗೂಡಿದ್ದು ಆಮೇಲೆ.

ಇನ್ನು ಪಲ್ಲವಿ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇಸ್, ಅಂದರೆ ಹಾಡಿನ ತಳದಲ್ಲಿ ನಡೆಯುವ ತಗ್ಗಿನ ಸ್ವರಗಳ ಸಾಲು. ದನಿ ಮಂದ್ರ ಷಡ್ಜದಿಂದ ಒಂದೇ ನೆಗೆತಕ್ಕೆ ನಿಷಾದಕ್ಕೆ ಹಾರಿದರೆ, ಕೆಳಗೆ ಬೇಸ್ ಸ, ನಿ, ದ, ಮ ಎಂದು ಇಳಿಯುತ್ತ ಹೋಗುತ್ತದೆ. ದನಿ ಮೇಲೇರಿದಂತೆಲ್ಲ ನೆಲ ಕೆಳಗಿಳಿಯುತ್ತದೆ. ಕೊನೆಗೆ ಹಾರ್ಕೆಟ್ ತಾರ ಪಂಚಮವನ್ನು ಮುಟ್ಟುವ ಹೊತ್ತಿಗೆ ಎರಡೂವರೆ ಸ್ಥಾಯಿಯಷ್ಟು ದೂರ ಒಂದೇ ಪಲ್ಲವಿಯಲ್ಲಿ ಮುಗಿದಿರುತ್ತದೆ. ಇಂಥ ಪಲ್ಲವಿ ಬರೆಯಲು ಧೈರ್ಯ ಬೇಕು, ಅದನ್ನು ಹಾಡಬಲ್ಲವನು ಪಕ್ಕದಲ್ಲೇ ಇರಬೇಕು.

ಇಷ್ಟೆಲ್ಲ 1984ರಲ್ಲೇ ಇತ್ತು. ಆ ರೂಪವನ್ನು ನಿರ್ಮಿಸಿದವರು ಟೋನಿ ಮ್ಯಾನ್ಸ್‌ಫೀಲ್ಡ್, ಫೇರ್‌ಲೈಟ್ ಎಂಬ ಆ ಕಾಲದ ದುಬಾರಿ ಗಣಕ ವಾದ್ಯದಲ್ಲಿ ಪಳಗಿದವರು. ಅದನ್ನು ಮರುಕಟ್ಟುವಾಗ ನನಗೆ ಕಂಡದ್ದು, ಸದ್ದುಗಳೆಲ್ಲ ಚೊಕ್ಕಟ, ಆದರೆ ಒಣ. ತಾಳವೂ ಯಂತ್ರ, ತಾಳದ ಮೇಲಿನ ಮಿನುಗೂ ಯಂತ್ರ, ದನಿಗೆ ಉಸಿರಾಡಲು ಜಾಗವಿಲ್ಲ. ನಾರ್ವೆಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಮೂರನೆಯ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ ಗಮನಕ್ಕೇ ಬರಲಿಲ್ಲ.

ಎರಡನೆಯ ರೂಪಕ್ಕೆ ಅಲನ್ ಟಾರ್ನಿ ನಿರ್ಮಾಪಕ. ಬಿಟ್ ನುಡಿದಿದ್ದು ರೋಲ್ಯಾಂಡ್ ಜೂನೊ-60ರಲ್ಲಿ, ಜೊತೆಗೆ ಯಮಾಹಾ ಡಿಎಕ್ಸ್7. ಎರಡೂ ಸಿಂತ್‌ಗಳು, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್‌ಗಳು. ಆ ಯಂತ್ರಗಳು ನನ್ನಲ್ಲಿಲ್ಲ, ಅವುಗಳ ಸಾಫ್ಟ್‌ವೇರ್ ರೂಪಗಳಿವೆ. ಜೂನೊದ್ದು ತುಂಬಿದ, ಬೆಚ್ಚನೆಯ ನಾದ. ಅದರೊಳಗಿನ ಕೋರಸ್ ಗುಂಡಿ ಒತ್ತಿದರೆ ಒಂದು ಸ್ವರ ಅಗಲವಾಗಿ ಹರಡುತ್ತದೆ. ಡಿಎಕ್ಸ್7 ಅದರ ತುದಿಗೆ ಗಂಟೆಯಂಥ ಹರಿತವನ್ನು ಕೊಡುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ಡಿಎಕ್ಸ್7ರ ಸದ್ದನ್ನು ತಗ್ಗಿಸುತ್ತ ಹೋದೆ. ಅದು ಇದೆಯೆಂದು ಗೊತ್ತಾಗಬಾರದು, ತೆಗೆದರೆ ಮಾತ್ರ ಕೊರತೆ ಕಾಣಬೇಕು. ಆ ಹದ ಸಿಕ್ಕಾಗ ಬಿಟ್ ತಾನಾಗಿ ಎದ್ದು ನಿಂತಿತು.

ದೊಡ್ಡ ವ್ಯತ್ಯಾಸ ಕಂಡಿದ್ದು ತಾಳದಲ್ಲಿ. ಟಾರ್ನಿಯ ರೂಪದಲ್ಲಿ ಲಿನ್‌ಡ್ರಮ್ ಎಂಬ ತಾಳಯಂತ್ರದ ಮೇಲೆ ನಿಜವಾದ ಹೈಹ್ಯಾಟ್ ಮತ್ತು ಸಿಂಬಲ್‌ಗಳನ್ನು (ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳನ್ನು) ಸೇರಿಸಿದ್ದಾರೆ, ಒಳಗೆಲ್ಲೋ ಅಕೂಸ್ಟಿಕ್ ಗಿಟಾರ್ ಕೂಡ ಇದೆ. ನಾನು ಗೆಳೆಯನೊಬ್ಬನಿಂದ ಹೈಹ್ಯಾಟ್ ನುಡಿಸಿ ಮುದ್ರಿಸಿಕೊಂಡೆ. ಕೈಯ ಪೆಟ್ಟು ಒಂದರಂತೆ ಇನ್ನೊಂದು ಇರುವುದಿಲ್ಲ. ಆ ಏರಿಳಿತ ಸೇರಿದ್ದೇ ತಡ, ಯಂತ್ರದ ತಾಳಕ್ಕೂ ನಡೆ ಬಂತು. ಸಿಂತ್-ಪಾಪ್ ಎಂದರೆ ಪೂರ್ತಿ ಯಂತ್ರಸಂಗೀತ ಎಂದು ಮೂಗು ಮುರಿಯುವವರಿಗೆ ಈ ಒಂದು ಟ್ರ್ಯಾಕನ್ನು ಹಾಕಿ, ತೆಗೆದು ಕೇಳಿಸುತ್ತೇನೆ.

ಇಷ್ಟು ಚೆನ್ನಾಗಿ ಕಟ್ಟಿದ ಹಾಡು ಕೂಡಲೇ ಗೆದ್ದಿತೇ? ಇಲ್ಲ. ಟಾರ್ನಿಯ ರೂಪವೂ ಬ್ರಿಟನ್ನಿನಲ್ಲಿ ಮೊದಲು ಬಿಡುಗಡೆಯಾದಾಗ ಸೋತಿತು. ನನ್ನಂಥ ಸದ್ದುಪ್ರೇಮಿಗಳು ಇದನ್ನು ಒಪ್ಪಿಕೊಳ್ಳಲೇಬೇಕು. ಅಲ್ಲಿಗೇ ಕೈಬಿಡದೆ ವಾರ್ನರ್ ಬ್ರದರ್ಸ್‌ನ ಅಮೆರಿಕ ಕಚೇರಿ ಹೊಸ ವಿಡಿಯೊಗೆ ಹಣ ಸುರಿಯಿತು. ಸ್ಟೀವ್ ಬ್ಯಾರನ್ ನಿರ್ದೇಶಿಸಿದರು. ಚಿತ್ರೀಕರಿಸಿದ ದೃಶ್ಯಗಳ ಮೇಲೆ ಮೈಕೆಲ್ ಪ್ಯಾಟರ್‌ಸನ್ ಮತ್ತು ಕ್ಯಾಂಡಿಸ್ ರೆಕಿಂಜರ್ ಪೆನ್ಸಿಲ್ ಹಿಡಿದು ಒಂದೊಂದೇ ಚೌಕಟ್ಟನ್ನು ಬಿಡಿಸಿದರು. ಸುಮಾರು 3,000 ಚೌಕಟ್ಟು, 16 ವಾರಗಳ ದುಡಿಮೆ. ಕಾಮಿಕ್ಸ್ ಪುಟದಿಂದ ಕೈಯೊಂದು ಹೊರಚಾಚಿ ಹುಡುಗಿಯನ್ನು ಒಳಗೆಳೆಯುವ ಆ ದೃಶ್ಯ ಟಿವಿಯಲ್ಲಿ ಬಂದ ಮೇಲೆ ಜನ ಹಾಡನ್ನು ಕೇಳಿದರು. ಅಕ್ಟೋಬರ್ 1985ರಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರ ಮೊದಲ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನ, ಮೊದಲನೆಯದು ಜೆನಿಫರ್ ರಶ್ ಅವರ ‘ದಿ ಪವರ್ ಆಫ್ ಲವ್’ ಪಾಲಾಗಿತ್ತು. 1986ರಲ್ಲಿ ವಿಡಿಯೊಗೆ ಎಂಟಿವಿಯ ಆರು ಪ್ರಶಸ್ತಿಗಳು ಬಂದವು.

ವಿಡಿಯೊ ಇಲ್ಲದಿದ್ದರೆ ಹಾಡು ಉಳಿಯುತ್ತಿರಲಿಲ್ಲ ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ವಿಡಿಯೊ ಜನರನ್ನು ಹಾಡಿನ ಬಳಿಗೆ ಕರೆತಂದಿತು. ಅವರನ್ನು ಇಷ್ಟು ವರ್ಷ ಹಿಡಿದಿಟ್ಟಿದ್ದು ಹಾಡಿನ ಒಳಗಟ್ಟು. 2017ರ ಎಂಟಿವಿ ಅನ್‌ಪ್ಲಗ್ಡ್ ಕಛೇರಿಯಲ್ಲಿ ಆ-ಹಾ ಇದೇ ಹಾಡನ್ನು ವಿಳಂಬದಲ್ಲಿ, ಸಿಂತ್‌ನ ಅಬ್ಬರವಿಲ್ಲದೆ ಹಾಡಿತು. ಆಗಲೂ ಅದು ನಿಲ್ಲುತ್ತದೆ, ಇನ್ನಷ್ಟು ಆರ್ದ್ರವಾಗಿ. ನನ್ನ ಬಳಿ ಕೀಬೋರ್ಡ್ ಕಲಿಯಲು ಬರುವ ಮಕ್ಕಳಿಗೆ ಈಗ ಮೊದಲು ಆ ನಿಧಾನದ ರೂಪದಲ್ಲೇ ಪಲ್ಲವಿಯ ಬೇಸ್ ನುಡಿಸಲು ಹೇಳುತ್ತೇನೆ: ಎಡಗೈ ಸ, ನಿ, ದ, ಮ ಎಂದು ಇಳಿಯಲಿ, ಬಾಯಿ ಮೇಲಕ್ಕೆ ಹಾಡಲಿ. ಅದು ಕೈಗೆ ಕೂತ ಮೇಲೆ ಬಿಟ್, ಅದರ ನಂತರ 169ರ ವೇಗ.