ಶ್ವಾಸಕೋಶದ ಆಪರೇಷನ್ ಇದೆಯಾ? ಲಿಂಫ್ ಗಂಟುಗಳ ಲೆಕ್ಕ ಕೇಳಿ

ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್‌ಗೆ ಕಾರವಾರ, ಕುಮಟಾದವರು ರೈಲು ಹತ್ತಿ ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ, ಶಿರಸಿಯವರು ಹುಬ್ಬಳ್ಳಿಗೆ. ಅಷ್ಟು ದೂರ ಹೋದರೂ ಡಾಕ್ಟರ್ ಮಾತಿಗೆ ಸಿಗುವುದು ಸ್ವಲ್ಪ ಹೊತ್ತು. ಆಗ ಎಲ್ಲರೂ ಕೇಳುವುದು 'ಗಡ್ಡೆ ಪೂರ್ತಿ ತೆಗೆದ್ರಾ' ಅಂತ. ಲಿಂಫ್ ಗಂಟುಗಳ (ಮೈಯಲ್ಲಿ ಸೋಂಕು ತಡೆಯುವ ಚಿಕ್ಕ ಗ್ರಂಥಿಗಳ) ವಿಷಯ ಎತ್ತುವವರು ಕಡಿಮೆ.

ಈ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಲಿಂಫ್ ಗಂಟುಗಳಿಗೆ. ಮೈಯಲ್ಲಿ ಕ್ಯಾನ್ಸರ್ ಎಲ್ಲಿದೆ ಅಂತ ಹುಡುಕುವ ಪೆಟ್ ಸ್ಕ್ಯಾನ್ ಸರಿ ಬಂದಿದ್ದರೂ ಗಂಟಿನೊಳಗೆ ಕ್ಯಾನ್ಸರ್ ಕಣ ಇರಬಹುದು, ಅದು ಗೊತ್ತಾಗುವುದು ಗಂಟು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೇ.

ಹಾಗಾಗಿ ಆಪರೇಷನ್‌ಗೆ ಮೊದಲೇ ಕೇಳಿ: 'ಯಾವ ಯಾವ ಸ್ಟೇಷನ್‌ನಿಂದ ಗಂಟು ತೆಗೀತೀರಿ, ಸರ್?' ಎದೆಯೊಳಗೆ ಗಂಟುಗಳಿರುವ ಒಂದೊಂದು ಜಾಗವನ್ನೂ ಸ್ಟೇಷನ್ ಅನ್ನುತ್ತಾರೆ, ಅದಕ್ಕೆ ನಂಬರ್ ಇದೆ. 2ರಿಂದ 9 ಎದೆಯ ನಡುಭಾಗ, 10ರಿಂದ 14 ಶ್ವಾಸಕೋಶದ ಬುಡ (ಉಸಿರಿನ ನಾಳ ಒಳಹೋಗುವ ಜಾಗ) ಮತ್ತು ಒಳಗೆ. ಕ್ಯಾನ್ಸರ್ ಚಿಕಿತ್ಸೆಯ ಗುಣಮಟ್ಟ ನಿಗದಿ ಮಾಡುವ ಅಮೆರಿಕದ ಸಂಸ್ಥೆ ಕಮಿಷನ್ ಆನ್ ಕ್ಯಾನ್ಸರ್‌ನ 2020ರ ಮಾನದಂಡದ ಪ್ರಕಾರ ನಡುಭಾಗದ ಕನಿಷ್ಠ ಮೂರು ಸ್ಟೇಷನ್, ಬುಡದ ಕಡೆಯ ಒಂದು ಸ್ಟೇಷನ್ ನೋಡಲೇಬೇಕು. ಇದನ್ನು ಕೇಳಿದರೆ ಡಾಕ್ಟರ್ ಬೇಜಾರಾಗಬಹುದು ಅಂತ ಹಿಂಜರಿಯಬೇಡಿ.

ಬಯಾಪ್ಸಿ ರಿಪೋರ್ಟ್ ಬಂದಾಗ ಕೊನೆಯ ಸಾಲಿಗೆ ಹಾರಬೇಡಿ. 'ಸ್ಟೇಷನ್ 7: 0/3' ಅಂತ ಇದ್ದರೆ ಮೂರು ಗಂಟು ನೋಡಿದ್ದಾರೆ, ಯಾವುದರಲ್ಲೂ ಕ್ಯಾನ್ಸರ್ ಇಲ್ಲ. ಗಂಟುಗಳಿಗೆ ಎಷ್ಟು ಹರಡಿದೆ ಅನ್ನುವುದನ್ನು 'ಎನ್' ಅಂತ ಬರೆಯುತ್ತಾರೆ: ಎನ್0 ಅಂದರೆ ಗಂಟುಗಳಿಗೆ ಹರಡಿಲ್ಲ, ಎನ್1 ಅಂದರೆ ಬುಡದವರೆಗೆ ಬಂದಿದೆ, ಎನ್2 ಅಂದರೆ ನಡುಭಾಗ ಮುಟ್ಟಿದೆ. ಆದರೆ ಎರಡೇ ಎರಡು ಗಂಟು ನೋಡಿ ಬರೆದ ಎನ್0 ಅಷ್ಟು ಗಟ್ಟಿಯಲ್ಲ, ಕಾಯಿಲೆ ಇಲ್ಲ ಅನ್ನುವುದಕ್ಕಿಂತ ಹುಡುಕಿಲ್ಲ ಅನ್ನುವುದೇ ಸರಿ.

ಹಾಗಂತ ಎಲ್ಲ ಗಂಟು ಕಿತ್ತರೆ ಆಯಸ್ಸು ಜಾಸ್ತಿಯಾಗುತ್ತದಾ? ಇಲ್ಲ. 2011ರಲ್ಲಿ ಫಲಿತಾಂಶ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಸಾವಿರಕ್ಕೂ ಜಾಸ್ತಿ ಆರಂಭದ ಹಂತದ ರೋಗಿಗಳಿದ್ದರು. ನಿಗದಿಯಾದ ಸ್ಟೇಷನ್‌ಗಳಿಂದ ಸ್ಯಾಂಪಲ್ ತೆಗೆದು ಕ್ಯಾನ್ಸರ್ ಇಲ್ಲ ಅಂತ ಖಚಿತವಾದ ಮೇಲೆ, ಅರ್ಧ ಜನರಿಗೆ ಉಳಿದ ಗಂಟುಗಳನ್ನೂ ಪೂರ್ತಿ ತೆಗೆದರು. ಎರಡೂ ಗುಂಪಿನವರು ಬದುಕಿದ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಪೂರ್ತಿ ತೆಗೆದವರಲ್ಲಿ ಸುಮಾರು 4% ಜನರಿಗೆ ಸ್ಯಾಂಪಲ್‌ನಲ್ಲಿ ಸಿಗದ ಕ್ಯಾನ್ಸರ್ ನಡುಭಾಗದಲ್ಲಿ ಸಿಕ್ಕಿತು. ಗಮನಿಸಿ, ಇಲ್ಲಿ ಎಲ್ಲರಿಗೂ ಕ್ರಮವಾಗಿ ಹುಡುಕಿದ್ದರು. ಗಂಟು ಹುಡುಕದೆ ಸುಮ್ನೆ ಬಿಟ್ಟ ಸರ್ಜರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಗಂಟಿನಲ್ಲಿ ಕ್ಯಾನ್ಸರ್ ಸಿಕ್ಕರೆ ಸಾಮಾನ್ಯವಾಗಿ ಕೀಮೋ ಮಾತು ಬರುತ್ತದೆ. ಇಜಿಎಫ್‌ಆರ್ ಟೆಸ್ಟ್ (ಗಡ್ಡೆಯ ಒಂದು ಜೀನ್‌ನಲ್ಲಿ ಬದಲಾವಣೆ ಇದೆಯಾ ಅಂತ ನೋಡುವ ಟೆಸ್ಟ್) ಆಗಿದೆಯಾ ಅಂತಲೂ ಕೇಳಿ, ಪಾಸಿಟಿವ್ ಇದ್ದರೆ ಮಾತ್ರೆಯ ದಾರಿಯೂ ಇದೆ. ಊರಿಗೆ ಹೊರಡುವ ಮುಂಚೆ ಪೂರ್ತಿ ರಿಪೋರ್ಟಿನ ಪ್ರತಿ ತೆಗೆದುಕೊಳ್ಳಿ, ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಬೇರೆ ಡಾಕ್ಟರಿಗೆ ತೋರಿಸುವುದಿದ್ದರೆ ಸ್ಲೈಡ್ (ಗಾಜಿನ ಮೇಲಿನ ತೆಳು ಚೂರು) ಮತ್ತು ಬ್ಲಾಕ್ (ಮೇಣದಲ್ಲಿ ಇಟ್ಟ ಗಡ್ಡೆಯ ತುಂಡು) ಕೂಡ ಕೇಳಿ ಪಡೆಯಬಹುದು.